ಮೂವತ್ತೊಂದನೇ ಕುಂಡ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಅಮ್ಮ, "ಕಹಿಯೇ ಇಲ್ವಲ್ಲೇ ಇದು" ಅಂದರು. ಅಡುಗೆಮನೆಯ ಗಡಿಯಾರ ನನ್ನ ಕಣ್ಣೆದುರೇ ಇತ್ತು. ಅಮ್ಮನ ಮುಂದೆ ತೇಯುವ ಕಲ್ಲು, ತೊಡೆಯ ಮೇಲೆ ಬಾಯಿ ತೆರೆದುಕೊಂಡು ಕೂತ ನನ್ನ ಏಳು ತಿಂಗಳ ಮಗಳು. ಮಗುವಿಗೆ ನೆಕ್ಕಿಸುವ ಮೊದಲು ತೇಯ್ದವರೇ ರುಚಿ ನೋಡಬೇಕೆಂಬುದು ನಮ್ಮ ಮನೆಯ ರೂಢಿ. ಅತಿವಿಷದ ಬೇರು ಹೆಸರಿಗಷ್ಟೇ ವಿಷ. ಕೂಸುಗಳ ಭೇದಿಗೆಂದು ಅಜ್ಜಿಯರ ಕಾಲದಿಂದ ಕೊಡುತ್ತ ಬಂದದ್ದು, ಬಾಯಿ ಮುರಿಯುವಷ್ಟು ಕಹಿ. ಕಹಿ ಸಿಗಲಿಲ್ಲವೆಂದು ಅಮ್ಮ ಇನ್ನೊಂದು ಚೂರು ಮುರಿದು ಅಗಿದು ನೋಡಿದರು. ಆಮೇಲೆ, "ತುಟಿಯೆಲ್ಲ ಜುಮ್ ಅಂತಿದೆ, ಮಗೂನ ಎತ್ಕೋ" ಅಂದರು.

ಆ ಬೇರು ಕೊಟ್ಟವರು ಗಿಲ್ಬರ್ಟ್ ಅಂಕಲ್.

ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ನಮ್ಮ ಬಾಲ್ಕನಿಯ ನೇರ ಕೆಳಗೆ, ಅವರೊಬ್ಬರೇ ಇದ್ದರು. ಮಂಗಳೂರು ಕಡೆಯವರು. ವಿಮಾನ ನಿಲ್ದಾಣದ ಬಳಿಯ ಎಂಬಕಸಿಯಲ್ಲಿ, ವಿಮಾನಕ್ಕೆ ಹೂ ತುಂಬಿಸುವ ಶೀತಲ ಗೋದಾಮೊಂದನ್ನು ಇಡೀ ಸರ್ವೀಸು ನೋಡಿಕೊಂಡು ನಿವೃತ್ತರಾಗಿದ್ದರು. ಗುಲಾಬಿ ಕಂಡರೆ ಆಗುತ್ತಿರಲಿಲ್ಲ. "ಅದು ಹೂವಲ್ಲ ಮಾರಾಯ್ತಿ, ಕಾರ್ಗೋ" ಅನ್ನುತ್ತಿದ್ದರು.

ಅವರ ಪ್ರೀತಿಯೆಲ್ಲ ಹಿಮಾಲಯದ ಹಿಮದಂಚಿನ ಗಿಡಗಳ ಮೇಲೆ. ನೈರೋಬಿಯಲ್ಲಿ ಚಳಿಯಿದೆ, ಚಳಿಗಾಲವಿಲ್ಲ. ಅದನ್ನು ಅವರೇ ತಯಾರಿಸುತ್ತಿದ್ದರು. ಫ್ರಿಜ್‌ನಲ್ಲಿ ಹಾಲು, ಮೊಟ್ಟೆಗೆ ಜಾಗವಿರಲಿಲ್ಲ. ಒದ್ದೆ ಮರಳಿನ ಡಬ್ಬಿಗಳಲ್ಲಿ ಬೀಜಗಳು ತಿಂಗಳುಗಟ್ಟಲೆ ಮಲಗಿರುತ್ತಿದ್ದವು. ಬೆಳಿಗ್ಗೆ ಆರಕ್ಕೆ ಕುಂಡಗಳ ಜಲ್ಲಿಯ ಮೇಲೆ ಬಕೆಟ್ಟಿನಿಂದ ಐಸ್ ಸುರಿಯುತ್ತಿದ್ದರು. ಆ ಕಟಕಟ ಸದ್ದೇ ನಮಗೆ ಅಲಾರಾಂ.

ಅವರಿಗೊಂದು ನಿಯಮವಿತ್ತು. ಹೂ ಬಿಡುವವರೆಗೆ ಕುಂಡಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಸಂಖ್ಯೆ ಮಾತ್ರ. ಹೂ ಬಂದು, ಎಸಳು ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಪೆನ್ಸಿಲಿನಲ್ಲಿ ಹೆಸರು. "ಎಲೆ ಸುಳ್ಳು ಹೇಳ್ತದೆ, ಬೀಜದ ಪ್ಯಾಕೆಟ್ ಸುಳ್ಳು ಹೇಳ್ತದೆ, ಕಳಿಸಿದವ ಅಂತೂ ಹೇಳಿಯೇ ಹೇಳ್ತಾನೆ. ಹೂವಿಗೆ ಮಾತ್ರ ಸುಳ್ಳು ಬರುದಿಲ್ಲ." ಹಿಮಾಲಯದ ನೀಲಿ ಗಸಗಸೆ ಎಂದು ಬಂದ ಬೀಜವನ್ನು ಮೂರು ವರ್ಷ ಸಾಕಿದ್ದರು. ಕೊನೆಗೆ ಬಿಟ್ಟ ಹೂ ಹಳದಿ. ಅವರಿಗೆ ಬೇಸರವೇ ಆಗಲಿಲ್ಲ. ನಿಯಮ ಗೆದ್ದಿತೆಂದು ಕೇಕ್ ತರಿಸಿ ಇಡೀ ಕಟ್ಟಡಕ್ಕೆ ಹಂಚಿದರು. ಹೊಸಬರು ಸಿಕ್ಕರೆ ನನ್ನ ಬೆನ್ನು ತಟ್ಟಿ, "ಇವಳು ಬ್ಯಾಂಕಿನವಳು, ಸಹಿ ನೋಡದೆ ಯಾರನ್ನೂ ನಂಬುದಿಲ್ಲ, ನಾನು ಹೂ ನೋಡದೆ" ಎನ್ನುತ್ತಿದ್ದರು.

ಬಾಣಂತನಕ್ಕೆಂದು ಮೈಸೂರಿನಿಂದ ಬಂದ ಅಮ್ಮ ಇಲ್ಲೇ ಉಳಿದಿದ್ದರು. ಮಗುವಿಗೆ ಭೇದಿ ಶುರುವಾದಾಗ ಅತಿವಿಷ ಎಲ್ಲೂ ಸಿಗದೆ ಕೊರಗಿದರು. ಅಂಕಲ್ ಹತ್ತಿರ ಅತಿವಿಷದ್ದೆಂದು ತರಿಸಿದ ಬೀಜದ ಗಿಡಗಳಿದ್ದದ್ದು ನನಗೆ ನೆನಪಾಯಿತು. ಹೋಗಿ ಕೇಳಿದವಳು ನಾನೇ. ಅವರ ಮುಖ ಅರಳಿದ ಬಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅವರ ಗಿಡಗಳನ್ನು ಎಲ್ಲರೂ ಹೊಗಳಿದ್ದರು, ಯಾರಿಗೂ ಅವು ಬೇಕಾಗಿರಲಿಲ್ಲ. ಮೂವತ್ತೊಂದನೇ ಕುಂಡದಲ್ಲಿ ಎರಡು ಗಿಡಗಳಿದ್ದವು. ಒಂದನ್ನು ಕಿತ್ತು, ಗಡ್ಡೆ ತೊಳೆದು, ಕರವಸ್ತ್ರದಲ್ಲಿ ಸುತ್ತಿ ಕೊಟ್ಟರು. ಪಟ್ಟಿಯ ಮೇಲೆ ಸಂಖ್ಯೆ ಮಾತ್ರವಿತ್ತು. ನಾನು ಓದಿದೆ. ಏನೂ ಕೇಳಲಿಲ್ಲ.

ಗಂಡ ಆ ವಾರ ಮೊಂಬಾಸಾದಲ್ಲಿದ್ದ. ಅಮ್ಮನಿಗೆ ವಾಂತಿ ಶುರುವಾದಾಗ ಕೆಳಗೆ ಓಡಿ ಅಂಕಲ್‌ರನ್ನೇ ಕರೆದೆ. ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಅಂಕಲ್, ಹಿಂದೆ ವಾಂತಿ ಮಾಡುತ್ತಿದ್ದ ಅಮ್ಮ, ನನ್ನ ಮಡಿಲಲ್ಲಿ ಮಗು. ಸಂಜೆಯ ಜಾಮ್ ಅಲುಗಲಿಲ್ಲ. ಆಸ್ಪತ್ರೆಯಲ್ಲಿ ಏನು ತಿಂದರೆಂದು ಡಾಕ್ಟರ್ ಕೇಳಿದಾಗ ನನಗಿಂತ ಮೊದಲು ಉತ್ತರ ಕೊಟ್ಟವರು ಅಂಕಲ್. ಗಿಡದ ಲ್ಯಾಟಿನ್ ಹೆಸರು, ಮಕ್ಕಳಿಗೂ ಕೊಡುವ ನಿರಪಾಯ ಬೇರು, ಇದು ಮಧ್ಯಾಹ್ನದ ಊಟದ್ದೇ ಇರಬೇಕು ಎಂಬ ತೀರ್ಮಾನ, ಎಲ್ಲವೂ ಆ ಗೋದಾಮಿನ ಮ್ಯಾನೇಜರ್ ಇಂಗ್ಲಿಷಿನಲ್ಲಿ. ಡಾಕ್ಟರ್ ನಂಬಿದರು. ಡ್ರಿಪ್ ಹಾಕಿ ಮಂಚದ ಮೇಲೆ ಬಿಟ್ಟರು. ಮುಕ್ಕಾಲು ಗಂಟೆ ಹಾಗೇ ಹೋಯಿತು. ಅಮ್ಮ ಕೈ ಮರಗಟ್ಟುತ್ತಿದೆ ಅಂದರು. ಆಮೇಲೆ ಅದನ್ನೂ ಹೇಳಲಿಲ್ಲ.

ಆಗ ನಾನು ಕೇಳಿದೆ: "ಅಂಕಲ್, ಅದರ ಹೂ ನೋಡಿದ್ದೀರಾ?"

ಅವರು ಉಗುರಿನ ಸಂದಿಯ ಮಣ್ಣು ನೋಡಿಕೊಂಡರು.

"ಹೌದು ಅಥವಾ ಇಲ್ಲ ಅನ್ನಿ."

"ಪ್ಯಾಕೆಟಿನಲ್ಲಿ ಹಾಗೇ ಬರೆದಿತ್ತು" ಅಂದರು.

ನಾನು ಡಾಕ್ಟರ್ ಬಳಿ ಓಡಿಹೋಗಿ, ಅದು ಯಾವ ಗಿಡವೆಂದು ನಮಗೆ ಗೊತ್ತಿಲ್ಲ, ವಿಷವೆಂದೇ ತಿಳಿಯಿರಿ ಎಂದೆ. ಎದೆಗೆ ತಂತಿ ಅಂಟಿಸಿದಾಗ ಪರದೆಯ ಮೇಲೆ ಗೆರೆ ಅಡ್ಡಾದಿಡ್ಡಿ ಕುಣಿಯುತ್ತಿತ್ತು. ಎರಡು ದಿನ ಐಸಿಯು. ಅಮ್ಮ ಬದುಕಿದರು. ಮೈಸೂರಿಗೆ ಹೊರಡುವವರೆಗೂ ಮೊಮ್ಮಗಳಿಗೆ ಒಂದು ತುತ್ತೂ ತಿನ್ನಿಸಲಿಲ್ಲ. ಕೈ ನಡುಗುತ್ತದೆ ಅಂದರು. ನಡುಗುತ್ತಿರಲಿಲ್ಲ.

ಅಂಕಲ್ ವಾರ್ಡಿಗೆ ಕಿತ್ತಳೆ ತಂದರು, ಪ್ರಾರ್ಥನೆ ಮಾಡಿದ್ದೇನೆಂದರು. ತಪ್ಪಾಯಿತು ಎಂಬ ಮಾತು ಮಾತ್ರ ಬರಲಿಲ್ಲ. ಎಲ್ಲ ಕಿತ್ತೆಸೆಯುತ್ತಾರೆಂದುಕೊಂಡಿದ್ದೆ. ಮೂವತ್ತೊಂದನೇ ಕುಂಡದಲ್ಲಿ ಉಳಿದ ಗಿಡಕ್ಕೆ ಐಸ್ ಸುರಿಯುವುದು ನಿಲ್ಲಲಿಲ್ಲ. ತಮ್ಮ ಪ್ಯಾಕೆಟ್ಟೇ ಸರಿಯೆಂದು ಹೂವಿನ ಬಾಯಲ್ಲಿ ಹೇಳಿಸಲು ಕಾಯುತ್ತಿದ್ದಾರೆ ಎನ್ನಿಸಿತು. ನಾನು ಬಾಲ್ಕನಿಗೆ ಹೋಗುವುದನ್ನು ಬಿಟ್ಟೆ. ರಾತ್ರಿಯಿಡೀ ಎದ್ದೆದ್ದು ಮಗಳ ಮೂಗಿನ ಕೆಳಗೆ ಬೆರಳಿಟ್ಟು ನೋಡುತ್ತಿದ್ದೆ. ಕಲ್ಲಿಗೂ ಅವಳ ಬಾಯಿಗೂ ಒಂದು ಗೇಣು ಅಂತರವಿತ್ತು, ಅಷ್ಟೇ.

ಎಂಟು ತಿಂಗಳ ಮೇಲೆ ಒಂದು ಭಾನುವಾರ ಅವರು ಬಾಗಿಲು ಬಡಿದರು. ಮಂಗಳೂರಿಗೆ, ತಂಗಿಯ ಮನೆಗೆ ಹೋಗಿಬಿಡುತ್ತಿದ್ದೇನೆ, ಸಂಜೆ ಫ್ಲೈಟ್ ಎಂದರು. ನಾನು ಒಳಗೇ ನಿಂತಿದ್ದೆ, ಚಿಲಕದ ಮೇಲೆ ಕೈಯಿಟ್ಟುಕೊಂಡು. ತೆರೆಯಲಿಲ್ಲ.

"ಇದ್ದೀಯಲ್ಲ, ಗೊತ್ತುಂಟು" ಅಂದರು.

ಬಾಗಿಲ ಸಂದಿಯಿಂದ ಬಿಳಿ ಪ್ಲಾಸ್ಟಿಕ್ ಪಟ್ಟಿಯೊಂದು ಒಳಕ್ಕೆ ಸರಿಯಿತು. ಒಂದು ಬದಿಯಲ್ಲಿ ಮೂವತ್ತೊಂದು. ತಿರುಗಿಸಿದರೆ ಪೆನ್ಸಿಲಿನಲ್ಲಿ: "ವತ್ಸನಾಭಿ. ಹೂ ನೋಡಿ ಬರೆದದ್ದು."

ಅಮ್ಮನ ಎದೆಬಡಿತ ತಪ್ಪಿಸಿದ ವಿಷಕ್ಕೆ ಹೆಸರು ಬಂದಿತ್ತು. ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಅದನ್ನು ಹಿಡಿದು ನಿಂತಿದ್ದೆ.

ಮರುದಿನ ನನಗೆ ಎಚ್ಚರವಾದಾಗ ಏಳೂವರೆ. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ಮಗಳು ಆಗಲೇ ಎದ್ದು ತೊಟ್ಟಿಲ ಸರಳು ಹಿಡಿದು ನಿಂತಿದ್ದಳು. ಕೆಳಗೆ ಯಾರೂ ಐಸ್ ಸುರಿದಿರಲಿಲ್ಲ.