ದೂರ ಗೊತ್ತಿಲ್ಲದ ಚುಕ್ಕಿಗಳು

ತಾರಾಲಯದಲ್ಲಿ ಅವಳನ್ನು ಎಲ್ಲರೂ ‘ಚಡಪಡಿಕೆ ಮೇಡಂ’ ಎನ್ನುತ್ತಿದ್ದರು. ಗುಮ್ಮಟದ ಕೆಳಗೆ ಜನರಿಗೆ ಆಕಾಶದ ಪರಿಚಯ ಮಾಡಿಕೊಡುವುದು ಅವಳ ಕೆಲಸ. ಕುರ್ಚಿ ಕೊಟ್ಟರೂ ಕೂತವಳಲ್ಲ. ಮೈಕು ಹಿಡಿದು ಸಾಲುಗಳ ನಡುವೆ ಓಡಾಡುತ್ತಲೇ ಮಾತು. ಕತ್ತಲಲ್ಲಿ ಯಾರದೋ ಕಾಲು ತುಳಿದು, ಅದೇ ಉಸಿರಿನಲ್ಲಿ "ಸಾರಿ" ಎಂದು ಮುಂದಿನ ಗ್ರಹಕ್ಕೆ ಹೋಗುವುದು ಮಾಮೂಲು.

ಆ ವರ್ಷ ಹೊಸ ಸಾಫ್ಟ್‌ವೇರ್ ಬಂತು. ಅದರಲ್ಲಿ ನಕ್ಷತ್ರಗಳ ನಡುವೆಯೇ ಹಾರಿಕೊಂಡು ಹೋಗಬಹುದಿತ್ತು. ತಾಲೀಮಿನ ದಿನ ಮ್ಯಾನೇಜರ್ ಮೊದಲ ಸಾಲಿನಲ್ಲಿ ಕಾಲು ಚಾಚಿ ಕೂತರು. ನಕ್ಷತ್ರಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು. ಇದ್ದಕ್ಕಿದ್ದಂತೆ ಎದುರಿಗೊಂದು ಗೋಡೆ! ನೂರಾರು ಚುಕ್ಕಿಗಳು ಬಲೂನಿನ ಮೈಗೆ ಅಂಟಿಸಿದಂತೆ ಒಂದೇ ದೂರದಲ್ಲಿ ನಿಂತಿದ್ದವು.

"ಇದೇನಿದು?" ಎಂದಳು.

"ಚೆನ್ನಾಗೇ ಇದೆಯಲ್ಲ," ಎಂದರು ಮ್ಯಾನೇಜರ್.

ಅವಳು ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದಳು. "ನಕ್ಷತ್ರಗಳ ಪಟ್ಟೀಲಿ ಕೆಲವಕ್ಕೆ ದೂರವೇ ಬರೆದಿಲ್ಲ ಮೇಡಂ," ಎಂದಳು ಅಲ್ಲಿನ ಹುಡುಗಿ. "ಖಾಲಿ ಬಿಟ್ರೆ ಸಾಫ್ಟ್‌ವೇರ್ ಒಪ್ಪಲ್ಲ. ಅದಕ್ಕೇ ಎಲ್ಲಕ್ಕೂ ಒಂದೇ ಸಂಖ್ಯೆ ಕೊಟ್ವಿ. ಬೇಡ ಅಂದ್ರೆ ತೆಗೆದುಬಿಡಿ."

ತೆಗೆದು ನೋಡಿದಳು. ಗುಮ್ಮಟದಲ್ಲಿ ಮತ್ತೆ ಭೂಮಿಯ ಆಕಾಶಕ್ಕೆ ಮರಳಿದರೆ, ನಮ್ಮ ತಾರಸಿಯಿಂದ ಬರಿಗಣ್ಣಿಗೆ ಕಾಣುವ ಒಂದೆರಡು ನಕ್ಷತ್ರಗಳೂ ಮಾಯ. ಇಟ್ಟರೆ ಸುಳ್ಳು, ತೆಗೆದರೆ ತೂತು. ರಾತ್ರಿ ಮನೆಗೆ ಬಂದರೂ ಅದೇ ಯೋಚನೆ. ಅಡುಗೆಮನೆಯಲ್ಲಿ ಒಂದೇ ತಟ್ಟೆಯನ್ನು ಒರೆಸುತ್ತಲೇ ನಿಂತಳು.

"ತಟ್ಟೆ ಸವೆದುಹೋಗುತ್ತೆ, ಬಿಡೇ," ಎಂದ ಗಂಡ. ಅವನು ಹಲ್ಲಿನ ಸೆಟ್ಟು ಮಾಡುವವನು.

"ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ತೋರಿಸ್ಲಾ ನಾನು?"

"ಖಾಲಿ ಜಾಗ ತುಂಬೋದೇ ನನ್ನ ಹೊಟ್ಟೆಪಾಡು. ಹೋಗಿ ಹೋಗಿ ನನ್ನ ಕೇಳ್ತೀಯಲ್ಲ!" ಎಂದು ನಕ್ಕ. ಆಮೇಲೆ, "ಆದ್ರೆ ಹಾಕಿಸ್ಕೊಂಡೋರಿಗೆ ಅದು ಕಟ್ಟಿಸಿದ ಹಲ್ಲು ಅಂತ ಗೊತ್ತಿರುತ್ತೆ ಕಣೇ. ನಿನ್ನ ಜನಕ್ಕೆ?"

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಆ ಚುಕ್ಕಿಗಳಿಗೆಲ್ಲ ಹಸಿರು ಬಣ್ಣ ಕೊಟ್ಟಳು. ನಿಜವಾದ ಆಕಾಶದಲ್ಲಿ ಹಸಿರು ನಕ್ಷತ್ರ ಕಾಣುವುದಿಲ್ಲ. ಯಾರೂ ಮೋಸಹೋಗುವ ಹಾಗಿರಲಿಲ್ಲ.

ಮ್ಯಾನೇಜರ್ ಹೌಹಾರಿದರು. "ಏನಮ್ಮಾ ಇದು, ಆಕಾಶಕ್ಕೆ ಪಾಚಿ ಕಟ್ಟಿದೆ! ಟಿಕೆಟ್ ತಗೊಂಡು ಬಂದೋರಿಗೆ ನಮಗೆ ಗೊತ್ತಿಲ್ಲ ಅಂತೀಯಾ?"

"ಒಂದೇ ಒಂದು ಪ್ರದರ್ಶನ ಸರ್. ಜನ ಬೈದ್ರೆ ನಾನೇ ತೆಗೀತೀನಿ."

ಮೊದಲ ಪ್ರದರ್ಶನದಲ್ಲಿ ಗೋಡೆ ಹತ್ತಿರ ಬಂದಾಗ ಅವಳು ಓಡಾಟ ನಿಲ್ಲಿಸಿದಳು. "ಈ ಹಸಿರು ಚುಕ್ಕಿಗಳು ಎಷ್ಟು ದೂರ ಇವೆ ಅಂತ ನಮ್ಮ ಪಟ್ಟೀಲಿ ಇಲ್ಲ. ಸುಮ್ಮನೆ ಇಲ್ಲಿಟ್ಟಿದ್ದೀವಿ," ಎಂದಳು.

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿಯ ದನಿ: "ಹಾಗಾದ್ರೆ ಇನ್ನೂ ಹತ್ತಿರ ಇರಬಹುದಾ ತಾಯಿ?"

"ಇರಬಹುದು ಅಜ್ಜಿ."

"ಮತ್ತೆ ಅಳೆಯೋಕೆ ಏನು ಧಾಡಿ ಇವರಿಗೆ?"

ಗುಮ್ಮಟ ಗೊಳ್ಳೆಂದಿತು. ಆಮೇಲೆ ಪ್ರಶ್ನೆಗಳ ಸುರಿಮಳೆ. ಹೊರಗೆ ಮುಂದಿನ ಪ್ರದರ್ಶನಕ್ಕೆ ಸಾಲು ನಿಂತವರು ಗೊಣಗತೊಡಗಿದಾಗ ಅವರನ್ನು ಸಮಾಧಾನ ಮಾಡಲು ಮ್ಯಾನೇಜರೇ ಹೋಗಬೇಕಾಯಿತು.

ಬಣ್ಣ ತೆಗೆ ಎಂದು ಅವರು ಹೇಳಲಿಲ್ಲ, ಭೇಷ್ ಎಂದೂ ಅನ್ನಲಿಲ್ಲ. ಆದರೆ ಅವಳು ಗಂಟಲು ಕಟ್ಟಿ ರಜೆ ಹಾಕಿದ ದಿನ ತಾವೇ ಮೈಕು ಹಿಡಿದು, "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋದು ನಮ್ಮಲ್ಲಿ ಮೊದಲಿಂದ್ಲೂ ಪದ್ಧತಿ," ಎಂದು ಎದೆಯುಬ್ಬಿಸಿ ಹೇಳಿದರಂತೆ.

ಪಟ್ಟಿಯ ಹೊಸ ಆವೃತ್ತಿ ಬಂದಾಗ ಎಷ್ಟೋ ಹಸಿರು ಚುಕ್ಕಿಗಳಿಗೆ ದೂರ ಸಿಕ್ಕಿತ್ತು. ಆದರೆ ಮೊದಲು ಸರಿಯಿದ್ದ ಕೆಲವು, ಅಳತೆ ನಂಬುವಂತಿಲ್ಲವೆಂದು ದೂರ ಕಳೆದುಕೊಂಡು ಈಗ ಹಸಿರಾಗಿದ್ದವು. ಅದು ಹೇಗೆಂದು ಕೇಳಲು ಅವಳು ಆಗಲೇ ಕಂಪನಿಯ ಹುಡುಗಿಗೆ ಫೋನ್ ಹಚ್ಚಿ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು.