ಘಾಟಿಯ ಗುಡಿಯ ಮುಂದೆ ಕೈ ಮುಗಿದ ತಪ್ಪು

ಸಂಜೆ ಐದು ಗಂಟೆ. ಇಡೀ ದಿನ ಯಲ್ಲಾಪುರದ ನಮ್ಮ ಪಾರ್ಸೆಲ್ ಆಫೀಸಿನಲ್ಲಿ ಒಂದೇ ಪಂಚಾಯಿತಿ, ಸ್ನೇಹಿತರೇ. ನಿನ್ನೆ ಘಾಟಿಯ ಗುಡಿಯ ಹತ್ತಿರ ಯಾರದೋ ಜೀಪು ಹಿಂದಕ್ಕೆ ಬಂದು ನಮ್ಮ ಡ್ರೈವರ್ ಗಣಪತಿಯ ಲಾರಿಗೆ ಗುದ್ದಿತು. ಕಂಪನಿ ಮಾತ್ರ ತಪ್ಪನ್ನು ಗಣಪತಿಯ ಮೇಲೆ ಹೊರಿಸಿತು. ಅದು ಖಾಯಂ ಆದರೆ ಅವನ ಕೈಗೆ ಇನ್ನು ಲಾರಿ ಕೊಡುವುದಿಲ್ಲ.

ಕಂಪನಿಯ ಹುಬ್ಬಳ್ಳಿ ಸಾಹೇಬರು ಫೋನಿನಲ್ಲಿ ಗಣಪತಿಯನ್ನು ಕೇಳಿದರು: "ಗುದ್ದೋ ಹೊತ್ತಿಗೆ ನಿಮ್ಮ ಎರಡೂ ಕೈ ಸ್ಟೇರಿಂಗ್ ಬಿಟ್ಟಾವು. ಲಾರಿಯೊಳಗಿನ ಕ್ಯಾಮೆರಾದಾಗ ಕಾಣ್ತದ. ಏನ್ ಮಾಡ್ಲಿಕತ್ತಿದ್ರಿ?"

"ದೇವ್ರಿಗೆ ಕೈ ಮುಗೀತಿದ್ದೆ ಸರ್."

"ಗಾಡಿ ಹೊಡಕೋತ?"

"ಎಂತ ಸರ್! ನಿಲ್ಸೇ ಕೈ ಮುಗಿಯೋದು. ಅಣ್ಣ ಹಾಗೇ ಕಲ್ಸಿದ್ದು. ಬೇಕಾದ್ರೆ ಅಕ್ಕನ್ನ ಕೇಳಿ."

ಅಕ್ಕ ಎಂದರೆ ನಾನು, ಅಣ್ಣ ಎಂದರೆ ನನ್ನ ಯಜಮಾನರು. ಮೊದಲು ಆ ಲಾರಿ ಓಡಿಸುತ್ತಿದ್ದವರು ಅವರೇ. ಹೋದ ಮಳೆಗಾಲದಲ್ಲಿ ಕಾಯಿಲೆಯಿಂದ ತೀರಿಕೊಂಡರು. ನಾನು ಫೋನು ಕೈಗೆ ತೆಗೆದುಕೊಂಡೆ. "ಆಗ ಲಾರಿಯ ಸ್ಪೀಡ್ ಎಷ್ಟಿತ್ತು, ಅದನ್ನೂ ನೋಡಿ ಸರ್" ಎಂದೆ.

ನೋಡಿದರು. ಸೊನ್ನೆ ಇತ್ತು.

ಸ್ವಲ್ಪ ಹೊತ್ತಿನಲ್ಲೇ ತಪ್ಪನ್ನು ತೆಗೆದುಹಾಕಿದರು. ಅದರ ಬೆನ್ನಿಗೇ ಗಣಪತಿಯ ಮೊಬೈಲಿಗೆ ಕಂಪನಿಯ ಒಂದು ಎಚ್ಚರಿಕೆ ಬಂತು: ಕಾರಣವಿಲ್ಲದೆ ದಾರಿಯಲ್ಲಿ ಲಾರಿ ನಿಲ್ಲಿಸಬಾರದು. ಡೀಸೆಲ್ ಬಂಕಿನಲ್ಲಿ ಮಾತ್ರ ನಿಲ್ಲಬಹುದಂತೆ.

"ಇನ್ನು ದೇವ್ರಿಗೇ ಬಂಕಿನ ಹತ್ರ ಬಂದು ನಿಲ್ಲು ಅಂತ ಹೇಳ್ಬೇಕು ಅಕ್ಕಾ" ಎಂದ ಗಣಪತಿ. ಬಹಳ ದಿನಗಳ ಮೇಲೆ ನಾನೂ ಜೋರಾಗಿ ನಕ್ಕೆ.

ನಾಳೆ ಬೆಳಿಗ್ಗೆ ಆರಕ್ಕೆ ಅದೇ ಲಾರಿಯಲ್ಲಿ ಅದೇ ಗಣಪತಿ ಅಂಕೋಲೆಗೆ ಹೊರಡುತ್ತಾನೆ. ಗುಡಿ ದಾರಿಯಲ್ಲೇ ಇದೆ.