ಮೇಕೆಗಳಿಗೊಂದು ಪರೀಕ್ಷೆ

ಅವತ್ತು ಸಂಜೆ ಅರಳಿಕಟ್ಟೆಯಲ್ಲಿ ಮುನಿಯಮ್ಮನ ನಾಲ್ಕು ಮೇಕೆಗಳನ್ನು ಊರು ಬಿಡಿಸಬೇಕು ಎಂದು ತೀರ್ಮಾನವಾಗುವುದರಲ್ಲಿತ್ತು.

ಗಂಡ ಹೋದ ಮೇಲೆ ಆಕೆಯ ಬದುಕು ನಡೆಯುತ್ತಿದ್ದುದೇ ಆ ನಾಲ್ಕು ಮೇಕೆಗಳಿಂದ. ಮಾರಿಬಿಡು, ಇಲ್ಲಾ ತವರಿಗೆ ಕಳಿಸು ಎಂದು ಊರವರ ಹಠ.

ಕಾರಣ ಇತ್ತು. ವಕ್ಕಲೇರಿ ಕಡೆಯ ನಮ್ಮ ಊರಿನ ಹಿಂದೆ ಎರಡು ಗುಡ್ಡಗಳ ನಡುವೆ ಒಂದು ಕಣಿವೆ. ಅಲ್ಲಿಂದ ಇಳಿಯುವ ನೀರೇ ನಮ್ಮ ಕೆರೆಗೆ ಆಧಾರ. ಸೌದೆಗೆಂದು ಕಡಿದೂ ಕಡಿದೂ ಕಣಿವೆ ಬೋಳಾಗಿ, ಮಳೆ ಬಂದರೆ ನೀರಿಗಿಂತ ಕೆಮ್ಮಣ್ಣೇ ಹೆಚ್ಚು ಹರಿದು ಬರುತ್ತಿತ್ತು.

ಎಂಬತ್ತರ ದಶಕದ ಶುರು. ಆ ಮುಂಗಾರಿನಲ್ಲಿ ಮನೆಗೊಬ್ಬರಂತೆ ಹೋಗಿ ಮಾವು, ಹಲಸು, ಹುಣಸೆ, ಹೊಂಗೆ ಎಲ್ಲ ನೆಟ್ಟಿದ್ದೆವು. ಮಳೆ ಕೈಕೊಟ್ಟ ವಾರಗಳಲ್ಲಿ ಹೆಂಗಸರು ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದರು.

ಎರಡೇ ತಿಂಗಳು... ಮುಕ್ಕಾಲು ಪಾಲು ಗಿಡಗಳು ಬರೀ ಕಡ್ಡಿ.

ಮೇಕೆ ಬಾಯಿ ಹಾಕಿದೆ ಎಂದು ನೋಡಿದವರಿಗೆಲ್ಲ ಗೊತ್ತಾಯಿತು. ಕಣಿವೆಗೆ ಹತ್ತಿರದ ಮನೆ ಮುನಿಯಮ್ಮನದು. ಅಷ್ಟು ಸಾಕಾಯಿತು.

ಆದರೆ ತಿಂದದ್ದು ಆಕೆಯ ಮೇಕೆಗಳಲ್ಲ. ನಮ್ಮ ಮನೆಯವು.

ಎಂಟನೇ ಕ್ಲಾಸಿನ ಪರೀಕ್ಷೆಗೆ ಹೆದರಿ ಸ್ಕೂಲ್ ಬಿಟ್ಟವಳು ನಾನು. ಆಗ ಹದಿನೇಳು ವರ್ಷ, ಒಂದು ಕಡೆ ಕೂತು ಗೊತ್ತಿಲ್ಲ. ಕಣಿವೆಯ ದೊಡ್ಡ ಬಂಡೆ ಹತ್ತಿದರೆ ದೂರದಲ್ಲಿ ಮಾಲೂರು ರಸ್ತೆಯ ಬಸ್ಸುಗಳು ಕಾಣುತ್ತಿದ್ದವು. ಅವನ್ನು ನೋಡುತ್ತಾ ಮೂರು ಮಧ್ಯಾಹ್ನ ಮೇಕೆಗಳನ್ನು ಮರೆತಿದ್ದೆ.

ಧೈರ್ಯವಾಗಿ ಎದ್ದು ನಿಂತೆ ಎಂದು ಬರೆದರೆ ಸುಳ್ಳಾಗುತ್ತದೆ. ಮುನಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು ನೋಡಿ, ಆಮೇಲೆ ಕೂರಲು ಆಗಲಿಲ್ಲ.

"ನಮ್ ಮೇಕೆಗಳೇ ತಿಂದಿದ್ದು. ನಾನು ಬಂಡೆ ಮೇಲೆ ಕೂತ್ಕೊಂಡು ಬಸ್ ನೋಡ್ತಿದ್ದೆ."

ಅಮ್ಮ ಹಿಂದಿನಿಂದ ಲಂಗ ಹಿಡಿದು ಎಳೆದಳು. "ಕೂತ್ಕೊಳ್ಳೇ ಯಶೀ! ನಿನ್ನ ಯಾರೇ ಕೇಳಿದ್ರು?"

"ಇಸ್ಕೂಲ್ ಬಿಟ್ಟಿದ್ದು ಬಸ್ ನೋಡೋಕೇನಮ್ಮೀ?" ಎಂದು ಯಾರೋ ಕಿಚಾಯಿಸಿದರು. ಕಟ್ಟೆಯೆಲ್ಲ ನಗು.

ಮುನಿಯಮ್ಮ ಮಾತ್ರ ನನ್ನನ್ನೇ ನೋಡಿ, "ಓಸಿ ನೀ ಇಲ್ಲು ಬಂಗಾರಂ ಕಾನು!" ಎಂದಳು. ನಿನ್ನ ಮನೆ ಚಿನ್ನವಾಗಲಿ ಎಂದು ತೆಲುಗಿನಲ್ಲಿ ಬೈಯುವ ರೀತಿ ಅದು. ಬೈದಳೋ ಹರಸಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ನನಗೆ ಶಿಕ್ಷೆ ಆಯಿತು. ತಿಂದ ಗಿಡಗಳ ಜಾಗದಲ್ಲೆಲ್ಲ ನಾನೇ ಮತ್ತೆ ಗುಂಡಿ ತೋಡಬೇಕು. ಒಪ್ಪಿಕೊಂಡೆ.

ಎಲ್ಲರೂ ಎದ್ದು ಹೊರಡುವಾಗ ಪಿಳ್ಳಪ್ಪ ತಾತ ಕೈ ಎತ್ತಿದರು. ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವವರು ಅವರೇ.

"ತಡೀರಿ. ಏನು ತಿಂದ್ವು ಅಂತ ಆಯ್ತು. ಏನು ಬಿಟ್ವು ಹೇಳಮ್ಮೀ?"

ಯಾರೂ ಅದುವರೆಗೂ ನನ್ನನ್ನು ಅಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ. ಉತ್ತರ ಮಾತ್ರ ನಾಲಿಗೆ ತುದಿಯಲ್ಲೇ ಇತ್ತು.

"ಸೀತಾಫಲ ಮೂಸಿ ನೋಡಿ ಮುಂದಕ್ಕೆ ಹೋಗ್ತಾವೆ ತಾತ. ಹೊಂಗೆನೂ ಅಷ್ಟೇ. ತಂಗಡಿ ಸೊಪ್ಪು ಬಾಯಿಗೆ ಹಾಕ್ಕೊಂಡು ಉಗುಳ್ತಾವೆ."

"ಇವಳ ಮಾತು ಕಟ್ಕೊಂಡು..." ಎಂದು ಗೊಣಗಿದವರೂ ಇದ್ದರು. ಹಾಗಿದ್ದರೆ ನೋಡೇ ಬಿಡೋಣ, ಅವು ಮುಟ್ಟದ್ದನ್ನೇ ನೆಡೋಣ ಎಂದರು ತಾತ.

ಮಾರನೆಯ ಬೆಳಗ್ಗೆ ಅರ್ಧ ಊರೇ ಕಣಿವೆಯಲ್ಲಿತ್ತು. ನಮ್ಮ ಆರು ಮೇಕೆ, ಮುನಿಯಮ್ಮನ ನಾಲ್ಕು. ಮುಂದೆ ಒಂದೊಂದು ಜಾತಿಯ ಸೊಪ್ಪಿನ ಸಣ್ಣ ಸಣ್ಣ ರಾಶಿ.

ಪರೀಕ್ಷೆಗೆ ಹೆದರಿ ಓಡಿಬಂದವಳು ನಾನೇ ಮೇಷ್ಟ್ರಾಗಿದ್ದೇನೆ!

ಹಲಸಿನ ಸೊಪ್ಪು ನೋಡುನೋಡುತ್ತಲೇ ಖಾಲಿ. ಹುಣಸೆಯೂ ಹೋಯಿತು. ಸೀತಾಫಲದ ರಾಶಿಯ ಹತ್ತಿರ ನಮ್ಮ ಕರಿ ಹೋತ ಬಂತು. ಮೂಸಿತು. ಜನ ಕತ್ತು ಚಾಚಿ ನೋಡುತ್ತಿದ್ದಾರೆ. ಅದು ತಲೆ ಎತ್ತಿ, ಜೋರಾಗಿ ಸೀನಿ, ಪಕ್ಕದಲ್ಲಿ ನಿಂತಿದ್ದ ಪಿಳ್ಳಪ್ಪ ತಾತನ ಪಂಚೆ ಅಗಿಯಲು ಶುರುಮಾಡಿತು.

"ಲೇ, ಪಂಚೆ ನೆಡೋಣ ಅಂದ್ಕೊಂಡ್ಯೇನ್ಲಾ!" ತಾತ ಕೂಗುತ್ತಿದ್ದರೆ ಮುನಿಯಮ್ಮ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ವರ್ಷ ಸೀತಾಫಲದ ಕಾಲದಲ್ಲಿ ನಮ್ಮೂರಲ್ಲಿ ಯಾರೂ ಬೀಜ ಬಿಸಾಡಲಿಲ್ಲ. ಜಗಲಿಗಳ ಮೇಲೆಲ್ಲ ಕರೀ ಬೀಜ ಒಣಗುತ್ತಿದ್ದವು. ಮುಂದಿನ ಮುಂಗಾರಿಗೆ ಕಣಿವೆಯ ಇಳಿಜಾರಿನಲ್ಲಿ, ಬಂಡೆ ಸಂದಿಗಳಲ್ಲಿ ಸಾಲಾಗಿ ಬಿತ್ತಿದೆವು, ಜೊತೆಗೆ ಹೊಂಗೆ.

ಗುಂಡಿ ತೋಡಲು ಮುನಿಯಮ್ಮ ದಿನಾ ನನ್ನ ಜೊತೆ ಬಂದಳು. ಕೈಗಿಂತ ಬಾಯಿಯೇ ಹೆಚ್ಚು ಓಡಿತು ಅನ್ನಿ.

ಕಣಿವೆ ಕಾಡಾಯಿತು ಎಂದು ನಾನು ಹೇಳುವುದಿಲ್ಲ. ಎಷ್ಟೋ ಬೀಜ ಹುಟ್ಟಲೇ ಇಲ್ಲ. ಹುಟ್ಟಿದ ಎಷ್ಟೋ ಬೇಸಿಗೆಯಲ್ಲಿ ಸುಟ್ಟುಹೋದವು. ಆದರೆ ಉಳಿದವು ಮೊಳಕಾಲುದ್ದವಾದಾಗ ಅವುಗಳ ಮರೆಯಲ್ಲಿ ಹುಲ್ಲು ಬಂತು, ಹುಲ್ಲಿನ ಹಿಂದೆ ಗೌಜಲಹಕ್ಕಿ ಬಂದವು. ಆಮೇಲೆ ಪೊದೆಗಳ ನಡುವೆ ಮಾವು ನೆಟ್ಟೆವು. ಆ ಪೊದೆಗಳೇ ಅವಕ್ಕೆ ಬೇಲಿಯಾದವು.

ಬಿತ್ತಿದ ಮೇಲೆ ಮೂರನೆಯ ಮಳೆಗಾಲ. ಕಣಿವೆಯ ನೀರು ಕೆರೆಗೆ ಸೇರುವಲ್ಲಿ ನಿಂತಿದ್ದೇವೆ. ಕಾಲುವೆಯಲ್ಲಿ ಬರುತ್ತಿರುವ ನೀರಿನಲ್ಲಿ ತಳದ ಕಲ್ಲುಗಳು ಕಾಣುತ್ತಿವೆ. ಪಿಳ್ಳಪ್ಪ ತಾತ ಬೊಗಸೆಯಲ್ಲಿ ಎತ್ತಿ ನೋಡಿ, ಕುಡಿದೇಬಿಟ್ಟರು.

ಅತ್ತ ಮುನಿಯಮ್ಮ ಹಾಡುಹಗಲೇ ಕಣಿವೆಯೊಳಗಿಂದ ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದಾಳೆ. ನಾಲ್ಕಲ್ಲ, ಈಗ ಒಂಬತ್ತು. ಯಾರೂ ತಡೆಯಲಿಲ್ಲ.

ನಿಮ್ಮೂರ ಗುಡ್ಡದಲ್ಲಿ ಯಾವ ಗಿಡ ಉಳಿಯುತ್ತದೆ ಎಂದು ಅಲ್ಲಿ ಮೇಕೆ ಕಾಯುವವರನ್ನು ಯಾವತ್ತಾದರೂ ಕೇಳಿದ್ದೀರಾ?